ಟೈಮರ್ ಹೊಡೆಯುವವರೆಗೆ ಕಾಯಲೇಬೇಕಾ?

ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಇಬ್ಬರು ಕಾಫಿ ಬೆಳೆಗಾರರು ಫೋನಿನಲ್ಲಿ ಸಿಕ್ಕರೆ ‘ನಿಮ್ಮಲ್ಲಿ ಎಷ್ಟು ಇಂಚು ಬಂತು?’ ಅನ್ನೋ ಮಾತು ಬರದೇ ಇರುವುದಿಲ್ಲ. ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವುದು ತೋಟಗಳಲ್ಲಿ ಹಳೇ ಅಭ್ಯಾಸ. ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವುದು ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಳ್ಳೇ ಪ್ರಾಜೆಕ್ಟ್.

ಅಂಥದ್ದೊಂದು ಪ್ರೋಗ್ರಾಂ ಸಿ ಶಾರ್ಪ್ (C#) ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೀರಿ ಅಂದುಕೊಳ್ಳಿ. 15 ನಿಮಿಷಕ್ಕೊಮ್ಮೆ ಟೈಮರ್ ಟಿಕ್ ಆಗಬೇಕು. ಆಗ ಮಳೆಮಾಪಕ ಓದಿ ಪರದೆ ಮೇಲೆ ಅಂಕಿ ತೋರಿಸಬೇಕು. ಶುರು ಮಾಡಿದರೆ ಪರದೆ ಖಾಲಿ! ಎಲ್ಲೋ ವೈರ್ ಬಿಟ್ಟಿದೆ ಅಂತ ಹುಡುಕಲು ಹೋಗಬೇಡಿ, ಏನೂ ಕೆಟ್ಟಿಲ್ಲ. ಬಟನ್, ಪರದೆ ಇರುವ ಪ್ರೋಗ್ರಾಂ ಕಟ್ಟಲು ಬಳಸುವ ವಿಂಡೋಸ್ ಫಾರ್ಮ್ಸ್‌ನ ಟೈಮರ್ ಶುರುವಾದ ಕೂಡಲೇ ಟಿಕ್ ಆಗುವುದಿಲ್ಲ. ಮೊದಲ 15 ನಿಮಿಷ ಪೂರ್ತಿ ಕಳೆದ ಮೇಲೇ ಮೊದಲ ಟಿಕ್.

ಇಲ್ಲಿಂದ ಶುರುವಾಗುತ್ತವೆ ಅಡ್ಡದಾರಿಗಳು. ಇಂಟರ್ವಲ್, ಅಂದರೆ ಎರಡು ಟಿಕ್ ನಡುವಿನ ಅವಧಿಯನ್ನು, 1 ಮಿಲಿಸೆಕೆಂಡ್ ಮಾಡಿ, ಟಿಕ್ ಆದ ಮೇಲೆ ಮತ್ತೆ 15 ನಿಮಿಷಕ್ಕೆ ತರುವುದು ಒಂದು. ಇದನ್ನು ನಾನು ಒಪ್ಪುವುದಿಲ್ಲ. ಆ ಟೈಮರಿನ ನಿಖರತೆಯೇ 55 ಮಿಲಿಸೆಕೆಂಡ್, 1 ಅಂತ ಕೇಳಿದರೆ 1 ಸಿಗುವುದಿಲ್ಲ. ವಾಪಸ್ ತರುವ ಸಾಲು ಮರೆತರಂತೂ ಬಡಪಾಯಿ ಸೆನ್ಸರಿಗೆ ಬಿಡುವೇ ಇಲ್ಲ. ಇನ್ನು ಕೆಲವರು ಟಿಕ್‌ಗೆ ಕಟ್ಟಿದ ಹ್ಯಾಂಡ್ಲರನ್ನೇ, ಅಂದರೆ ಟಿಕ್ ಆದಾಗ ಓಡುವ ಕೋಡನ್ನೇ, ‘ನಲ್, ನಲ್’ (ಏನೂ ಇಲ್ಲ ಅಂತ ಅರ್ಥ) ಕೊಟ್ಟು ಕರೆಯುತ್ತಾರೆ. ನಡೆಯುತ್ತದೆ. ಆದರೆ ಮುಂದೊಂದು ದಿನ ‘ಕರೆದವರು ಯಾರು’ ಅಂತ ಆ ಹ್ಯಾಂಡ್ಲರ್ ನೋಡಲು ಹೋದರೆ ಪ್ರೋಗ್ರಾಂ ಮಗುಚಿಕೊಳ್ಳುತ್ತದೆ. ಟಿಕ್ ಈವೆಂಟನ್ನೇ, ಅಂದರೆ ‘ಟಿಕ್ ಆಯ್ತು’ ಅನ್ನೋ ಸೂಚನೆಯನ್ನೇ, ಹೊರಗಿನಿಂದ ಹೊಡೆಯಲು ಹೋದರೆ ಕೋಡನ್ನು ಯಂತ್ರಕ್ಕೆ ಅನುವಾದಿಸಿ ಕೊಡುವ ಸಿ ಶಾರ್ಪ್ ಕಂಪೈಲರ್ ಒಪ್ಪುವುದೇ ಇಲ್ಲ. ಈವೆಂಟ್ ಯಾವ ಕ್ಲಾಸಿನದ್ದೋ (ಕ್ಲಾಸ್ ಅಂದರೆ ಮಾಹಿತಿ, ಕೆಲಸ ಎರಡನ್ನೂ ಒಟ್ಟಿಗೆ ಕಟ್ಟಿಟ್ಟ ಕೋಡಿನ ಘಟಕ) ಆ ಕ್ಲಾಸ್ ಮಾತ್ರ ಅದನ್ನು ಹೊರಡಿಸಬಹುದು. ಇದು ಸರಿಯಾದ ನಿಯಮ. ಸಿಕ್ಕಸಿಕ್ಕವರೆಲ್ಲ ‘ಟೈಮ್ ಆಯ್ತು’ ಅಂತ ಕೂಗಿದರೆ ಕೇಳಿಸಿಕೊಳ್ಳುವವರು ಯಾರನ್ನು ನಂಬಬೇಕು?

ಈ ಎಲ್ಲ ಒದ್ದಾಟದ ಹಿಂದೆ ಒಂದೇ ತಪ್ಪು ಕಲ್ಪನೆ ಇದೆ: ಕೆಲಸ ಮಾಡುವುದು ಟೈಮರ್ ಅಂತ. ತೋಟದಲ್ಲಿ ಬೆಳಿಗ್ಗೆ ಗಂಟೆ ಹೊಡೆದರೆ ಆಳುಗಳು ಸೇರುತ್ತಾರೆ, ನಿಜ. ಗಂಟೆ ಹಣ್ಣು ಕುಯ್ಯುವುದಿಲ್ಲ. ಒಂದಿನ ಬೇಗ ಶುರು ಮಾಡಬೇಕಿದ್ದರೆ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಸಾಕು, ಗಡಿಯಾರದ ಮುಳ್ಳು ತಿರುಗಿಸಬೇಕಾಗಿಲ್ಲ. ಪ್ರೋಗ್ರಾಂನಲ್ಲೂ ಅಷ್ಟೇ. ಮಳೆ ಓದುವ ಕೆಲಸವನ್ನು ಮಳೆಮಾಪಕ ಅನ್ನೋ ಕ್ಲಾಸಿನ ಒಂದು ಮೆಥಡ್‌ಗೆ, ಅಂದರೆ ಹೆಸರು ಹೇಳಿ ಕರೆಯಬಹುದಾದ ಕೋಡಿನ ತುಂಡಿಗೆ, ಕೊಡಿ. ಟೈಮರಿನ ಹ್ಯಾಂಡ್ಲರ್ ಆ ಮೆಥಡನ್ನು ಕರೆಯುವ ಒಂದು ಸಾಲು ಮಾತ್ರ. ‘ಈಗಲೇ ಓದು’ ಬಟನ್ನಿನಲ್ಲೂ ಅದೇ ಸಾಲು, ಪ್ರೋಗ್ರಾಂ ಶುರುವಿನಲ್ಲೂ ಅದೇ ಸಾಲು.

ಅಲ್ಲಿಗೆ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ವಿಷಯ ರುಚಿಯಾಗುವುದೇ ಇಲ್ಲಿಂದ. ಕಂಪ್ಯೂಟರಿಗೆ ಜೋಡಿಸುವ ಇಂಥ ಮಳೆಮಾಪಕದೊಳಗೆ ಸಾಮಾನ್ಯವಾಗಿ ಅಕ್ಕಪಕ್ಕ ಎರಡು ಪುಟ್ಟ ಬಟ್ಟಲುಗಳಿರುತ್ತವೆ. 0.2 ಮಿಲಿಮೀಟರ್ ಮಳೆಯಷ್ಟು ನೀರು ತುಂಬಿದರೆ ಒಂದು ವಾಲಿ ಚೆಲ್ಲುತ್ತದೆ, ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಲೆಕ್ಕಕ್ಕೆ ಒಂದು ಸೇರುತ್ತದೆ. 15 ಸಲ ವಾಲಿದರೆ 3 ಮಿಲಿಮೀಟರ್. ಈಗ ಹಿಂದಿನ ಟಿಕ್ ಆಗಿ 5 ನಿಮಿಷಕ್ಕೆ ನೀವು ಬಟನ್ ಒತ್ತಿದಿರಿ, 3 ಮಿಲಿಮೀಟರ್ ಸಿಕ್ಕಿತು. ಗಂಟೆಗೆ 36 ಮಿಲಿಮೀಟರಿನ ರಭಸ ಅದು, ಜೋರು ಮಳೆ. ಆದರೆ ಮೆಥಡ್ ಒಳಗೆ ‘ಕಳೆದದ್ದು 15 ನಿಮಿಷ’ ಅಂತ ಬರೆದಿಟ್ಟಿದ್ದರೆ ಪರದೆ ಮೇಲೆ 12 ಅಂತ ಬರುತ್ತದೆ. ಕೈಯಿಂದ ಕರೆಯಬಹುದಾದ ಮೆಥಡ್ ಎಷ್ಟು ಹೊತ್ತು ಕಳೆಯಿತು ಅಂತ ಊಹಿಸಬಾರದು. ಹಿಂದಿನ ಸಲ ಓದಿದ ಸಮಯ ನೆನಪಿಟ್ಟುಕೊಂಡು ಕಳೆದು ನೋಡಬೇಕು.

ಇನ್ನೊಂದು ಅಪಾಯ ಥ್ರೆಡ್‌ನದ್ದು. ಥ್ರೆಡ್ ಅಂದರೆ ಪ್ರೋಗ್ರಾಂನೊಳಗೆ ಒಂದಾದ ಮೇಲೆ ಒಂದು ಕೆಲಸ ನಡೆಯುವ ಸಾಲು. ವಿಂಡೋಸ್ ಫಾರ್ಮ್ಸ್ ಟೈಮರ್ ಬಟನ್ ಇರುವ ಥ್ರೆಡ್‌ನಲ್ಲೇ ಓಡುತ್ತದೆ, ಹಾಗಾಗಿ ಅದೂ ಬಟನ್ನೂ ಒಂದಾದ ಮೇಲೆ ಒಂದು. ಸಿ ಶಾರ್ಪ್‌ನಲ್ಲಿ ಬಳಸುವ ಇನ್ನೊಂದು ಟೈಮರ್, ಸಿಸ್ಟಂ.ಟೈಮರ್ಸ್‌ನದ್ದು, ಹಾಗಲ್ಲ, ಸಾಮಾನ್ಯವಾಗಿ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ. ಆ ಟೈಮರೂ ಬಟನ್ನೂ ಒಟ್ಟಿಗೆ ಎಣಿಕೆ ಓದಿ ಆಮೇಲೆ ಸೊನ್ನೆ ಮಾಡಿದರೆ ಒಂದೇ ಮಳೆ ಎರಡು ಸಲ ಬಿದ್ದಂತಾಗುತ್ತದೆ. ಓದುವುದು, ಸೊನ್ನೆ ಮಾಡುವುದು ಎರಡೂ ಒಂದೇ ಲಾಕ್ (ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಬೀಗ) ಒಳಗಿರಲಿ.

ನನಗೆ ಬಹಳ ಖುಷಿ ಕೊಡುವ ಚರಿತ್ರೆ ಒಂದಿದೆ. ಕ್ಲಾಸು, ಅದರಿಂದ ಮಾಡುವ ಆಬ್ಜೆಕ್ಟುಗಳು ಹುಟ್ಟಿದ್ದೇ ಸಮಯದ ಜೊತೆ ಆಟ ಆಡಲಿಕ್ಕೆ. 1960ರ ದಶಕದಲ್ಲಿ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕ್ರಿಸ್ಟನ್ ನ್ಯೂಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್ ಸಿಮ್ಯುಲಾ ಭಾಷೆ ಕಟ್ಟಿದರು. ನಿಜವಾದ ವ್ಯವಸ್ಥೆಗಳ ಅಣಕು ನಡೆಸುವುದು ಅದರ ಉದ್ದೇಶ. ಅಲ್ಲಿನ ಗಡಿಯಾರ ಸೆಕೆಂಡು ಎಣಿಸುತ್ತಾ ಕೂರುವುದಿಲ್ಲ, ಒಂದು ಘಟನೆಯಿಂದ ಮುಂದಿನ ಘಟನೆಗೆ ನೇರ ಜಿಗಿಯುತ್ತದೆ. ಸಿಮ್ಯುಲಾ 67ರಲ್ಲಿ ‘ಆಕ್ಟಿವೇಟ್’ ಜೊತೆಗೆ ‘ಡಿಲೇ’ ಕೊಟ್ಟರೆ ಆಬ್ಜೆಕ್ಟ್ ಅಷ್ಟು ಹೊತ್ತಿನ ಮೇಲೆ ಏಳುತ್ತದೆ. ಬರೀ ‘ಆಕ್ಟಿವೇಟ್’ ಅಂದರೆ ತಡ ಇಲ್ಲ, ಈಗಲೇ. ಟೈಮರೂ ಬಟನ್ನೂ ಒಂದೇ ಮಾತಿನೊಳಗೆ ಆಗಲೇ ಇದ್ದವು ನೋಡಿ! ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರಲ್ಲಿ ನ್ಯೂಗಾರ್ಡ್, ಡಾಲ್ ಇಬ್ಬರಿಗೂ ಸಂದಿತು.

ಆ ಜಿಗಿಯುವ ಗಡಿಯಾರ ಈಗ ಟೆಸ್ಟಿಂಗ್‌ಗೆ ವಾಪಸ್ ಬಂದಿದೆ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಜಾವಾದ 2014ರ 8ನೇ ಆವೃತ್ತಿಯಲ್ಲಿ, ಟೆಸ್ಟಿಗೆ ಬೇಕಾದ ಸಮಯ ತೋರಿಸುವಂತೆ ಬದಲಿಸಬಹುದಾದ ‘ಕ್ಲಾಕ್’ ಕ್ಲಾಸ್ ಬಂತು. ಸಿ ಶಾರ್ಪ್ ಓಡುವ ವೇದಿಕೆ ಡಾಟ್ ನೆಟ್‌ನ 2023ರ 8ನೇ ಆವೃತ್ತಿಯಲ್ಲಿ ಅಂಥದ್ದೇ ‘ಟೈಮ್ ಪ್ರೊವೈಡರ್’ ಬಂತು, ಟೆಸ್ಟಿಗೆ ಅಂತಲೇ ‘ಫೇಕ್ ಟೈಮ್ ಪ್ರೊವೈಡರ್’ ಕೂಡ ಇದೆ. ಟೈಮರನ್ನು ಅದರಿಂದಲೇ ಪಡೆದಿದ್ದರೆ, ‘ಅಡ್ವಾನ್ಸ್’ ಅಂದಷ್ಟು ಸಮಯ ಮುಂದೆ ಹೋಗುತ್ತದೆ, ಮಧ್ಯದ ಟಿಕ್‌ಗಳೆಲ್ಲ ತಾವಾಗೇ ಆಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಕೂತಲ್ಲೇ ಓಡಿಸಬಹುದು.

ಒಂದು ಟೆಸ್ಟ್ ಮಾಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. ಪ್ರೋಗ್ರಾಂ 8:10ಕ್ಕೆ ಶುರುವಾಗಲಿ. ಟಿಕ್‌ಗಳು 8:25ಕ್ಕೆ, 8:40ಕ್ಕೆ. ಬಟ್ಟಲು 8:28ಕ್ಕೆ 10 ಸಲ, 8:35ಕ್ಕೆ 5 ಸಲ ವಾಲಲಿ. 8:40ರ ಟಿಕ್ ಹದಿನೈದನ್ನೂ ಬಾಚಿ ಹೊಸ ದಿನಕ್ಕೆ ಹಾಕುತ್ತದೆ, ಟೆಸ್ಟ್ ಫೇಲ್. ಈಗ ದಿನ ಬದಲಾಗುವ ಕಡೆ, ಸರಿಯಾಗಿ 8:30ಕ್ಕೆ, ಅದೇ ಮೆಥಡನ್ನು ಬೇರೆಯಾಗಿ ಒಮ್ಮೆ ಕರೆಯಿರಿ. 2 ಮಿಲಿಮೀಟರ್ ನಿನ್ನೆಗೆ, 1 ಮಿಲಿಮೀಟರ್ ಇವತ್ತಿಗೆ.