ಅಲಾರಂ ಬಂತು, ಬಾಗಿಲಿಗೆ ಒಳಗಿಂದ ಚಿಲಕ

ಕುವೆಂಪುನಗರದ ಒಬ್ಬ ಅಜ್ಜಿಗೆ 78 ವರ್ಷ. ಮನೆಯಲ್ಲಿ ಒಬ್ಬರೇ. ಬೆಂಗಳೂರಿನಲ್ಲಿರುವ ಮಗಳು, ಬಿದ್ದರೆ ತಿಳಿಸುವ ವಾಚ್ ತಂದುಕೊಟ್ಟಿದ್ದರು, ಬಚ್ಚಲುಮನೆ ಬಾಗಿಲಿಗೂ ಹಾಲ್‌ಗೂ ಸೆನ್ಸರ್ ಹಾಕಿಸಿದ್ದರು. ಒಂದು ದಿನ ಬೆಳಗಿನ ಜಾವ ಅಜ್ಜಿ ಬಚ್ಚಲಲ್ಲಿ ಜಾರಿದರು. ನೀರು ತಾಗಿದರೆ ಕೆಡುತ್ತದೆ ಅಂತ ವಾಚ್ ಬಿಚ್ಚಿ ಕನ್ನಡಿ ಮುಂದೆ ಇಟ್ಟಿದ್ದರು. ಆದರೂ, ಬಾಗಿಲು ಮುಚ್ಚಿದ ಮೇಲೆ ಅರ್ಧ ಗಂಟೆ ಮನೆಯಲ್ಲೆಲ್ಲೂ ಓಡಾಟ ಇಲ್ಲ ಅಂತ ಸೆನ್ಸರ್‌ಗಳು ಮಗಳ ಮೊಬೈಲಿಗೆ ತಿಳಿಸಿದವು. ಪಕ್ಕದ ಮನೆಯವರು ಕೀ ಹಿಡಿದು ಓಡಿ ಬಂದರೆ ಮುಂಬಾಗಿಲಿಗೆ ಒಳಗಿಂದ ಚಿಲಕ. ಅದನ್ನು ಒಡೆದು ಹೋದರೆ ಬಚ್ಚಲಿಗೂ ಚಿಲಕ. ಮುಕ್ಕಾಲು ಗಂಟೆ ಅಲ್ಲೇ ಹೋಯಿತು.

ಬಿದ್ದಲ್ಲೇ ಬಿದ್ದಿರುವುದು ನನಗೆ ಜಾಸ್ತಿ ಭಯ. ತಣ್ಣಗಿನ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಹೆಚ್ಚು ಹೊತ್ತು ಇದ್ದರೆ ಒತ್ತಡಕ್ಕೆ ಸಿಕ್ಕ ಮಾಂಸಖಂಡ ಹಾಳಾಗಿ, ಅದರಿಂದ ಕಿಡ್ನಿಗೂ ಪೆಟ್ಟು ಬೀಳಬಹುದು.

ಹಾಗಾಗಿ ಯಾರಾದರೂ "ಡಾಕ್ಟ್ರೇ, ಯಾವ ವಾಚ್ ತಗೊಳ್ಳಲಿ?" ಅಂದರೆ, ಅಲಾರಂ ಬಂದಾಗ ಹತ್ತು ನಿಮಿಷದಲ್ಲಿ ಮನೆಗೆ ಬರುವವರು ಯಾರು, ಒಳಗೆ ಹೇಗೆ ಬರುತ್ತಾರೆ ಅಂತ ಕೇಳುತ್ತೇನೆ. ಅಮೆರಿಕದಲ್ಲಿರುವ ಮಗನ ಮೊಬೈಲಿಗೆ ಮಾತ್ರ ಅಲಾರಂ ಹೋಗುವಂತೆ ಇಡಬೇಡಿ. ಅಲ್ಲಿಂದ 108 ಒತ್ತಿದರೆ ನಮ್ಮ ಆಂಬುಲೆನ್ಸ್‌ಗೆ ಸಿಗುವುದಿಲ್ಲ. ಮೊದಲ ಹೆಸರು ಬೀದಿಯವರದ್ದೇ ಇರಲಿ.

ಕ್ಯಾಮೆರಾ ಬೇಕಿಲ್ಲ. ಹಿರಿಯರಿಗೆ ಅದು ಹಿಂಸೆ, ಎಷ್ಟೋ ಮನೆಗಳಲ್ಲಿ ಅದರ ಮೇಲೆ ಟವೆಲ್ ಹಾಕಿರುವುದನ್ನು ನೋಡಿದ್ದೇನೆ. ಬಾಗಿಲಿನ ಸೆನ್ಸರ್ ಅಂದರೆ ಒಂದು ಆಯಸ್ಕಾಂತ ಅಷ್ಟೇ, ಗೋಡೆಯದ್ದು ಓಡಾಡುವ ಮೈಯ ಬಿಸಿ ಗುರುತಿಸುತ್ತದೆ. ಬೆಳಿಗ್ಗೆ ಏಳಾದರೂ ಅಡುಗೆಮನೆಯಲ್ಲಿ ಓಡಾಟ ಇಲ್ಲ ಅಂದರೆ ತಿಳಿಸು ಅಂತ ಆಪ್‌ನಲ್ಲಿ ಇಟ್ಟರೆ ಸಾಕು. ಆದರೆ ವೈಫೈ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ, ಕರೆಂಟ್ ಹೋದಾಗ ಇದೆಲ್ಲಾ ಮೂಕಾಗುತ್ತದೆ.

ಇನ್ನೊಂದು, ಬಿಪಿ. ಇದಕ್ಕೆ ವಾಚ್ ನಂಬಬೇಡಿ, ತೋಳಿಗೆ ಕಟ್ಟುವ ಮಷೀನ್ ಇಡಿ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ನೋಡುವಾಗ ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ರಾತ್ರಿ ಎದ್ದಾಗ ತಲೆ ತಿರುಗಿ ಬೀಳುವವರು ಅವರೇ ಆಗಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದಿಟ್ಟ ಸಂಖ್ಯೆ ತಂದು ತೋರಿಸಿ.

ಅಜ್ಜಿ ಈಗ ವಾಕರ್ ಹಿಡಿದು ಓಡಾಡುತ್ತಾರೆ. ಬಚ್ಚಲು ಬಾಗಿಲನ್ನು ಬಡಗಿ ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿದ್ದಾರೆ, ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡ ಬರಬಾರದಲ್ವಾ. ಅದರ ಲಾಕ್ ಹೊರಗಿಂದ ಒಂದು ನಾಣ್ಯದಲ್ಲೇ ತೆಗೆಯಬಹುದು. ಮುಂಬಾಗಿಲ ಚಿಲಕ ಬಿಚ್ಚಲು ಮಾತ್ರ ಅಜ್ಜಿ "ಕಳ್ಳರು ಬಂದರೆ?" ಅಂತ ಎರಡು ವಾರ ಒಪ್ಪಲಿಲ್ಲ. ಕೊನೆಗೆ ಎರಡೂ ಕಡೆಯಿಂದ ಕೀ ಹಾಕುವ ಒಳ್ಳೆಯ ಲಾಕ್ ಬಂತು, ಒಂದು ಕೀ ಪಕ್ಕದ ಮನೆಯ ದೇವರ ಗೂಡಿನಲ್ಲಿದೆ.