ಪೆಟ್ಟಿಗೆಯ ಮಗು, ಮೆಟ್ಟಿಲ ಮೇಲಿನ ಬಾಣಂತಿ

ಆಷಾಢದ ಮಳೆ ಹೊಯ್ಯುತ್ತಿತ್ತು. ಕುಮಟಾದಿಂದ ಹೊರಟ ಆಂಬುಲೆನ್ಸ್‌ನಲ್ಲಿ ನನ್ನ ತಂಗಿಯ ಮಗು. ಹುಟ್ಟಿ ಐದು ಗಂಟೆ ಆಗಿತ್ತಷ್ಟೆ. 31ನೇ ವಾರಕ್ಕೇ ಹೆರಿಗೆ, ತೂಕ 1,350 ಗ್ರಾಂ. ಮಗುವನ್ನು ಪಕ್ಕದ ಜಿಲ್ಲೆಯ ಒಂದು ಆಸ್ಪತ್ರೆಗೆ ಕಳಿಸಿದರು. ಸಿಸೇರಿಯನ್ ಆಗಿದ್ದ ತಂಗಿ ಇಲ್ಲೇ ಉಳಿದಳು. ನಾಲ್ಕನೇ ದಿನ ಹಠ ಹಿಡಿದು ಡಿಸ್ಚಾರ್ಜ್ ಮಾಡಿಸಿಕೊಂಡು ಮಗುವಿನ ಹಿಂದೆಯೇ ಹೋದಳು.

ನಮ್ಮ ಕಡೆ "ಮಗೂನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಅನ್ನುತ್ತೇವೆ. ಆ ಗಾಜಿನ ಪೆಟ್ಟಿಗೆಯ ಸುತ್ತ ಎಲ್ಲವೂ ಇತ್ತು. ಮೈ ಬಿಸಿ ಕಾಯುವ ಯಂತ್ರ, ಉಸಿರಿಗೆ ನಳಿಗೆ, ಕಾಲಿಗೆ ಕಟ್ಟಿದ ಕೆಂಪು ದೀಪ. ಮೂರು ಪಾಳಿಯ ನರ್ಸ್‌ಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಅವರ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ. ಆದರೆ ಬಾಣಂತಿಗೆ ಅಂತ ಅಲ್ಲಿ ಇದ್ದದ್ದು ಮೆಟ್ಟಿಲು. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಂಡು, ಗೋಡೆಗೆ ಒರಗಿ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅವಳು ಕೂತಿರುತ್ತಿದ್ದಳು. ಅವಳ ಪಕ್ಕ ಇನ್ನೂ ಐದಾರು ಜನ ತಾಯಂದಿರು. ಮೂರು ಗಂಟೆಗೊಮ್ಮೆ ಬಾಗಿಲು ತೆರೆಯುತ್ತಿತ್ತು. "ಹಾಲು ತಗೊಂಡು ಬನ್ನಿ."

ಹಾಲು ಎಲ್ಲಿಂದ ಬರಬೇಕು?

ಇದು ನೊಂದುಕೊಂಡು ಕೇಳಿದ ಮಾತಲ್ಲ. ನಿಜವಾಗಿ ವಿಜ್ಞಾನದ ಪ್ರಶ್ನೆ. ಮಗು ಮೊಲೆ ಚೀಪಿದಾಗ, ಎಷ್ಟೋ ಸಲ ಬರೀ ಅದರ ಅಳು ಕೇಳಿದಾಗಲೂ, ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಹಾಲಿನ ಚೀಲಗಳ ಸುತ್ತ ಇರುವ ಪುಟ್ಟ ಸ್ನಾಯುಗಳನ್ನು ಅದು ಹಿಂಡುತ್ತದೆ. "ಸೊರ ಬಿಡೋದು" ಅಂತ ದನ ಕರೆಯುವವರು ಹೇಳುತ್ತಾರಲ್ವಾ, ಅದೇ ಇದು. ಹೆದರಿದ ಹಸು ಸೊರ ಬಿಡುವುದಿಲ್ಲ ಅನ್ನುವುದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಹೆದರಿದ ತಾಯಿಗೂ ಹಾಗೆಯೇ. ನೋವು, ಭಯ, ನಾಚಿಕೆ ಇದ್ದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಆಕ್ಸಿಟೋಸಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಎದೆಯಲ್ಲಿ ಹಾಲು ಇದ್ದರೂ ಇಳಿಯುವುದಿಲ್ಲ. ಜನ ಓಡಾಡುವ ಮೆಟ್ಟಿಲಲ್ಲಿ, ಸೆರಗಿನ ಮರೆಯಲ್ಲಿ ಹಾಲು ಹಿಂಡಿಕೊಳ್ಳುವ ಹೆಂಗಸಿಗೆ ಇವೆಲ್ಲವೂ ಒಟ್ಟಿಗೇ ಇರುತ್ತವೆ.

ಹಾಲು ತಯಾರಾಗುವುದು ಇನ್ನೊಂದು ಹಾರ್ಮೋನಿನಿಂದ, ಅದು ಪ್ರೊಲ್ಯಾಕ್ಟಿನ್. ಅದರ ಮಟ್ಟ ರಾತ್ರಿ ಜಾಸ್ತಿ ಇರುತ್ತದೆ. ಎದೆ ಖಾಲಿಯಾದಷ್ಟೂ ಹೊಸ ಹಾಲು ತುಂಬುತ್ತದೆ. ಖಾಲಿ ಮಾಡದೆ ಬಿಟ್ಟರೆ ಹಾಲಿನೊಳಗಿನ ಅಂಶಗಳೇ "ಸಾಕು" ಅನ್ನುವ ಸೂಚನೆ ಕೊಡುತ್ತವೆ. ಅದಕ್ಕೇ ಚೀಪಲು ಬಾರದ ಮಗುವಿನ ತಾಯಿ ದಿನಕ್ಕೆ ಎಂಟು ಸಲವಾದರೂ, ರಾತ್ರಿಯೂ ಸೇರಿ, ಹಾಲು ಹಿಂಡಬೇಕು. ಮೊದಲ ಎರಡು ವಾರ ಇದು ತಪ್ಪಿದರೆ ಆಮೇಲೆ ಸರಿ ಮಾಡುವುದು ಕಷ್ಟ.

31 ವಾರದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಸುಮಾರು 34 ವಾರ ಆಗಬೇಕು. ಅಲ್ಲಿವರೆಗೆ ತೆಳು ನಳಿಗೆಯಲ್ಲಿ ಎರಡೆರಡು ಎಂಎಲ್ ಹಾಲು ಹೊಟ್ಟೆಗೆ ಇಳಿಸುತ್ತಾರೆ. ಆ ಎರಡು ಎಂಎಲ್ ಔಷಧಿ ಇದ್ದ ಹಾಗೆ. ತಿಂಗಳು ತುಂಬದ ಮಕ್ಕಳ ಕರುಳು ಊದಿಕೊಂಡು ಕೊಳೆಯುವ ಎನ್‌ಇಸಿ ಅನ್ನುವ ಭಯಂಕರ ಕಾಯಿಲೆ ಇದೆ. ತಾಯಿಯ ಹಾಲು ಕುಡಿದ ಮಕ್ಕಳಲ್ಲಿ ಅದು ಕಡಿಮೆ. ಇನ್ನೊಂದು ಸೋಜಿಗವೂ ಇದೆ. ತಾಯಿಗೆ ಎದುರಾದ ರೋಗಾಣುಗಳ ವಿರುದ್ಧ ಅವಳ ಮೈ ಪ್ರತಿಕಾಯ ಮಾಡಿ ಹಾಲಿಗೆ ಸೇರಿಸುತ್ತದೆ. ಅವಳು ಮಗು ಇರುವ ಕಡೆಯೇ ಇದ್ದರೆ, ಅಲ್ಲಿನ ರೋಗಾಣುಗಳಿಗೆ ಬೇಕಾದ ಮದ್ದು ಅವಳ ಹಾಲಿನಲ್ಲೇ ತಯಾರಾಗುತ್ತದೆ. ನೂರು ಕಿ.ಮೀ. ದೂರದ ಮನೆಯಲ್ಲಿ ಕೂತ ತಾಯಿಗೆ ಇದು ಸಾಧ್ಯವಿಲ್ಲ.

(ಸುಮ್ನೆ ಒಂದು ಮಾತು. "ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ" ಅಂತ ಯಾರಾದರೂ ಬಾಣಂತಿಯ ಮುಂದೆ ಹೇಳಿದರೆ ದಯವಿಟ್ಟು ತಡೆಯಿರಿ. ಅದು ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.)

ನಮ್ಮ ಮನೆಗಳಲ್ಲಿ ಬಾಣಂತನ ಅಂದರೆ ಏನು? ಒಂದು ಕೋಣೆ. ಹಂಡೆಯಲ್ಲಿ ಕಾದ ನೀರು. ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ಬಿಸಿ ಅನ್ನಕ್ಕೆ ತುಪ್ಪ. ಬಾಣಂತಿ ಮಲಗಿದಾಗ ಮಗು ನೋಡಿಕೊಳ್ಳಲು ಅಮ್ಮನೋ ಅತ್ತೆಯೋ ಇರುತ್ತಾರೆ. ಗಾಳಿ ಬೆಳಕಿಲ್ಲದ ಹೊಗೆಗೂಡಿನಂಥ ಕೋಣೆಗಳೂ ಇದ್ದವು, ಅದನ್ನು ಹೊಗಳುತ್ತಿಲ್ಲ. ಆದರೆ ಹೆತ್ತವಳ ಮೈ ನೆಟ್ಟಗಾಗದೆ ಮಗು ನೆಟ್ಟಗಾಗುವುದಿಲ್ಲ ಅನ್ನುವ ತಿಳುವಳಿಕೆ ಆ ಪದ್ಧತಿಯಲ್ಲಿತ್ತು. ಮಗು ಆಸ್ಪತ್ರೆಯಲ್ಲಿ ಉಳಿದ ಕೂಡಲೇ ಅದು ಎಲ್ಲಿ ಹೋಗುತ್ತದೆ? ಎಲ್ಲರಿಗಿಂತ ಜಾಸ್ತಿ ಬಾಣಂತನ ಬೇಕಾದವಳಿಗೇ ಅದು ಸಿಗುವುದಿಲ್ಲ.

1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಒಂದು ಹೆರಿಗೆ ಆಸ್ಪತ್ರೆಗೆ ಪೆಟ್ಟಿಗೆಗಳೇ ಸಾಲುತ್ತಿರಲಿಲ್ಲ. ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಅನ್ನುವ ವೈದ್ಯರು ಪುಟ್ಟ ಮಕ್ಕಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಅದೇ ಇವತ್ತಿನ ಕಾಂಗರೂ ಆರೈಕೆ. ತಾಯಿಯ ಎದೆ ಮಗುವಿನ ಮೈಯನ್ನು ಬೆಚ್ಚಗಿಡುತ್ತದೆ. ಮಗುವಿನ ಉಸಿರು, ಎದೆಬಡಿತ ಹದಕ್ಕೆ ಬರುತ್ತವೆ. ತಾಯಿಗೆ ಹಾಲೂ ಜಾಸ್ತಿ ಬರುತ್ತದೆ.

ಆದರೂ ಬಹಳ ವರ್ಷ ಒಂದು ನಿಯಮ ಇತ್ತು. ಮಗು ಮೊದಲು ಸುಧಾರಿಸಲಿ, ಆಮೇಲೆ ಎದೆಗೆ ಕಟ್ಟೋಣ. ಇದು ಸರಿಯೇ ಅಂತ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದೆಹಲಿಯ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದರು. 1 ಕಿಲೋದಿಂದ 1.8 ಕಿಲೋ ಒಳಗಿನ 3,211 ಮಕ್ಕಳು. ಅರ್ಧದಷ್ಟು ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟರು, ಉಳಿದವರಿಗೆ ಹಳೆಯ ಕ್ರಮ. 2021ರಲ್ಲಿ ಫಲಿತಾಂಶ ಬಂತು. ಹಳೆಯ ಕ್ರಮದಲ್ಲಿ ಮೊದಲ 28 ದಿನಗಳಲ್ಲಿ ನೂರಕ್ಕೆ 15.7 ಮಕ್ಕಳು ತೀರಿಕೊಂಡಿದ್ದರು. ಎದೆಗೆ ಕೊಟ್ಟವರಲ್ಲಿ ನೂರಕ್ಕೆ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ, ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ತಾಯಂದಿರು ಒಳಗೆ ಬಂದರೆ ಸೋಂಕು ಹೆಚ್ಚುತ್ತದೆ ಅನ್ನುವ ಭಯವೂ ಸುಳ್ಳಾಯಿತು. ಸೋಂಕಿನ ಲಕ್ಷಣ ಕಂಡ ಮಕ್ಕಳು ಈ ಗುಂಪಿನಲ್ಲೇ ಕಡಿಮೆ.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಬೇರೆ. ಐಸಿಯುನಲ್ಲಿದ್ದಾಗ ಹಳೆಯ ಕ್ರಮದ ಮಕ್ಕಳಿಗೆ ದಿನಕ್ಕೆ ಸುಮಾರು ಒಂದೂವರೆ ಗಂಟೆ ಎದೆಯ ಬಿಸಿ ಸಿಕ್ಕಿತ್ತು. ಹೊಸ ಗುಂಪಿನವರಿಗೆ ಸುಮಾರು 17 ಗಂಟೆ! ಹೆತ್ತು ಒಂದೆರಡು ದಿನದ ಹೆಂಗಸಿಗೆ 17 ಗಂಟೆ ಹೇಗೆ ಸಾಧ್ಯ? ಆ ಆಸ್ಪತ್ರೆಗಳಲ್ಲಿ ಐಸಿಯು ಒಳಗೇ ತಾಯಿಗೂ ಮಂಚ ಹಾಕಿದ್ದರು. ಅವಳ ಊಟ, ಅವಳ ಹೊಲಿಗೆಯ ಆರೈಕೆ, ಎಲ್ಲ ಅಲ್ಲೇ. ತಾಯಿಗೆ ಆಗದಾಗ ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ಎದೆಗೆ ತೆಗೆದುಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಕೂತವಳಿಗೆ "ದಿನಕ್ಕೆ ಎಂಟು ಗಂಟೆ ಕಾಂಗರೂ ಮಾಡಿ" ಅಂದರೆ ಅವಳು ಎಲ್ಲಿಂದ ಶಕ್ತಿ ತರಬೇಕು?

ಎಲ್ಲ ಆಸ್ಪತ್ರೆಗೂ ಐಸಿಯು ಒಳಗೆ ಮಂಚ ಹಾಕುವಷ್ಟು ಜಾಗ ಇರುವುದಿಲ್ಲ, ಒಪ್ಪೋಣ. ಹಾಗಾದರೆ ಹತ್ತು ಹೆಜ್ಜೆ ದೂರದಲ್ಲಿ ಒಂದು ಕೋಣೆ ಸಾಕು. ದೊಡ್ಡದೇನೂ ಬೇಡ. ಕಾಲು ಎತ್ತದೆ ಹತ್ತಬಹುದಾದ ತಗ್ಗು ಮಂಚಗಳು. ಒಳಗಿನಿಂದ ಹಾಕುವ ಚಿಲಕ. ಬಿಸಿನೀರು. ಕಮೋಡ್ ಇರುವ ಶೌಚಾಲಯ, ಏಕೆಂದರೆ ಹೊಲಿಗೆ ಇರುವವಳು ಕುಕ್ಕರಗಾಲಲ್ಲಿ ಕೂರಲಾರಳು. ಹಾಲು ಹಿಂಡುವ ಪಂಪು, ಆ ಪಂಪನ್ನು ಕುದಿಸಲು ಒಲೆ, ಹೆಸರು ಬರೆದ ಬಾಟಲಿ ಇಡಲು ಫ್ರಿಜ್. ನಮ್ಮ ಕರಾವಳಿಯಲ್ಲಾದರೆ ಬಟ್ಟೆ ಒಣಗಿಸಲು ಒಂದು ಮರೆ ಬೇಕೇ ಬೇಕು. ಮಳೆಗಾಲದಲ್ಲಿ ಹಸಿ ಬಟ್ಟೆ ಉಟ್ಟು ಕೂತ ಬಾಣಂತಿಯರನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲ ಇದ್ದೂ ಒಂದು ಇಲ್ಲದಿದ್ದರೆ ಯಾರೂ ಆ ಕೋಣೆಯಲ್ಲಿ ಮಲಗುವುದಿಲ್ಲ. ಅದು "ಏನಾದರೂ ಆದರೆ ಕರೆಯುತ್ತೇವೆ" ಅನ್ನುವ ಮಾತು, ಅದಕ್ಕೊಂದು ಗಂಟೆಯೋ ಫೋನೋ. ನನ್ನ ತಂಗಿ ಮೆಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಬಾಗಿಲು ತೆರೆದಾಗ ತಾನಿಲ್ಲದಿದ್ದರೆ ಅನ್ನುವ ಭಯ. ಒಂಬತ್ತನೇ ದಿನ ಮಧ್ಯಾಹ್ನ ಒಬ್ಬ ಹಿರಿಯ ನರ್ಸ್ ತಮ್ಮ ಬಟ್ಟೆ ಬದಲಾಯಿಸುವ ಕೋಣೆಯ ಬೀಗ ತೆಗೆದರು. "ಎರಡು ಗಂಟೆ ಮಲ್ಕೋ ತಂಗೀ, ನಾನೇ ಬಂದು ಎಬ್ಬಿಸ್ತೇನೆ" ಅಂದರು. ಮಲಗಿದಳು. ಎದ್ದು ಬಾಗಿಲು ಹಾಕಿಕೊಂಡು ಹಿಂಡಿದಾಗ ಬಾಟಲಿ ಅರ್ಧ ತುಂಬಿತು. ಅಲ್ಲಿವರೆಗೆ ತಳ ಮುಚ್ಚಿದರೆ ಹೆಚ್ಚಾಗಿತ್ತು. ಒಂದು ಬಾಟಲಿಯಿಂದ ವಿಜ್ಞಾನ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಅವತ್ತು ಅವಳು ಆ ಬಾಟಲಿ ಹಿಡಿದು ನಿಂತ ರೀತಿ ನಾನು ಮರೆಯಲಾರೆ.

ಅಪ್ಪಂದಿರೂ ಇದ್ದಾರೆ. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಬೆಳಿಗ್ಗೆ ಔಷಧಿ ಚೀಟಿ ಹಿಡಿದು ಓಡುವವರು. ಮಗು ಐಸಿಯುನಲ್ಲಿದ್ದರೆ ತಾಯಿಗಷ್ಟೇ ಅಲ್ಲ, ತಂದೆಗೂ ಖಿನ್ನತೆ ಬರಬಹುದು. ಹೆರಿಗೆ ಆದಮೇಲೆ ಕೆಲವು ದಿನ ಕಣ್ಣೀರು ಬರುವುದು ಸಹಜ. ಎರಡು ವಾರ ದಾಟಿಯೂ ಮನಸ್ಸು ಮೇಲೇಳದಿದ್ದರೆ ವೈದ್ಯರಿಗೆ ಹೇಳಲೇಬೇಕು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರೆಡ್ ಹಿಲ್ ಅನ್ನುವ ಫುಟ್‌ಬಾಲ್ ಆಟಗಾರನ ಮಗಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಆಸ್ಪತ್ರೆಯ ಕುರ್ಚಿ, ಬೆಂಚುಗಳ ಮೇಲೆ ದಿನ ಕಳೆದ ಆತ, ವೈದ್ಯೆ ಆಡ್ರಿ ಇವಾನ್ಸ್ ಮತ್ತು ಇತರರು ಸೇರಿ 1974ರಲ್ಲಿ ಇಂಥ ಮನೆಯವರಿಗಾಗಿ ಒಂದು ಮನೆ ತೆರೆದರು. ಮೆಕ್‌ಡೊನಾಲ್ಡ್ಸ್ ಕಂಪನಿ ಜೊತೆಗೂಡಿತು. ಮುಂದೆ ಆಸ್ಪತ್ರೆಯ ಒಳಗೇ ವಿಶ್ರಾಂತಿ ಕೋಣೆಗಳು ಬಂದವು. ಸ್ಟಾಕ್‌ಹೋಮ್‌ನಲ್ಲಿ ತಂದೆತಾಯಿ ಹಗಲು ರಾತ್ರಿ ಮಗುವಿನ ಜೊತೆ ಉಳಿಯುವ ವ್ಯವಸ್ಥೆ ಮಾಡಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳು ಸರಾಸರಿ ಐದು ದಿನ ಬೇಗ ಮನೆಗೆ ಹೋದರು. ಕೋಣೆಗೆ ದುಡ್ಡೆಲ್ಲಿ ಅಂತ ಕೇಳುವವರಿಗೆ ನಾನು ಈ ಐದು ದಿನದ ಲೆಕ್ಕ ಹೇಳುತ್ತೇನೆ. ಐಸಿಯುನ ಐದು ದಿನ ಅಂದರೆ ಸಣ್ಣ ಖರ್ಚಲ್ಲ.

ನಮ್ಮ ದೇಶದಲ್ಲೂ ದಾರಿ ತೆರೆದಿದೆ. ನವಜಾತ ಶಿಶುಗಳ ಆರೈಕೆಯಲ್ಲಿ ಮನೆಯವರನ್ನೂ ಸೇರಿಸಿಕೊಳ್ಳಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆಯ ಮಗುವಿಗೆ ಹುಟ್ಟಿ 30 ದಿನ ಆಗುವವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಅಂತ ಇತ್ತು. ಬಾಣಂತಿಯ ಊಟ ಮಾತ್ರ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಎಂಟನೇ ದಿನದಿಂದ ಅವಳು ಏನು ತಿನ್ನಬೇಕು ಅನ್ನುವ ಪ್ರಶ್ನೆ ಮೂಲ ಲೆಕ್ಕದಲ್ಲೇ ಬಿಟ್ಟುಹೋಗಿತ್ತು.

ಬೇರೆ ಕಡೆಗಿಂತ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ಕೋಣೆ ಜಾಸ್ತಿ ಬೇಕು. ಶಿರಸಿಯಿಂದ ದೊಡ್ಡ ಆಸ್ಪತ್ರೆ ಇರುವ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಕಾರವಾರದಿಂದ 150ಕ್ಕೂ ಜಾಸ್ತಿ. ನಡುವೆ ಘಟ್ಟ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಬಂದಾಗಿತ್ತು ನೆನಪಿದೆ ಅಲ್ವಾ? "ಮನೆಗೆ ಹೋಗಿ ಬನ್ನಿ, ಇಲ್ಲಿ ನಾವಿದ್ದೇವೆ" ಅನ್ನುವ ಮಾತು ನಗರದವರಿಗೆ ಸರಿ. ಜೊಯಿಡಾದ ಹಳ್ಳಿಯವಳು ಹೋಗಿ ಬರುವುದು ಅಂದರೆ ಎರಡು ದಿನ, ಅಂದರೆ ಹದಿನಾರು ಸಲದ ಹಾಲು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ವರ್ಷಗಳಿಂದ ಕೇಳುತ್ತಿದ್ದೇವೆ. ಅದರ ನಕ್ಷೆ ಬರೆಯುವ ದಿನ ಮಕ್ಕಳ ಐಸಿಯು ಪಕ್ಕದಲ್ಲಿ ಈ ಕೋಣೆಯನ್ನೂ ಬರೆಯಲಿ. ಅಲ್ಲಿವರೆಗೆ ಕಾಯುವುದೂ ಬೇಡ. ಈಗ ಇರುವ ಆಸ್ಪತ್ರೆಗಳಲ್ಲಿ ಹಳೆಯ ಕಡತ ತುಂಬಿದ ಒಂದು ಕೋಣೆ ಖಾಲಿ ಮಾಡಿದರೂ ನಾಲ್ಕು ಮಂಚ ಹಿಡಿಸುತ್ತವೆ.

ನಮ್ಮ ಮಗು 34ನೇ ದಿನ 1,880 ಗ್ರಾಂ ತೂಗಿ ಮನೆಗೆ ಬಂತು. ಅಮ್ಮ ಬೆಳಿಗ್ಗೆಯೇ ಬಚ್ಚಲ ಒಲೆಗೆ ಉರಿ ಹಾಕಿದ್ದಳು. ಮಗುವನ್ನು ನನ್ನ ಕೈಗೆ ಕೊಟ್ಟು ತಂಗಿ ಒಳಗೆ ಹೋದಳು. ಬಾಣಂತಿಯ ಮೊದಲ ಎಣ್ಣೆನೀರು ಅವಳಿಗೆ ಸಿಕ್ಕಿದ್ದು ಅವತ್ತು.