ಅಕ್ರಿಲಿಕ್ ಚಿತ್ರದ ಧೂಳು ಒರೆಸುವುದು ಇಷ್ಟು ಕಷ್ಟ ಯಾಕೆ?

ಸ್ವಿಚ್ ಬೋರ್ಡ್ ಸುತ್ತ ಗೋಡೆ ಕೊಳೆಯಾದರೆ ಒದ್ದೆ ಬಟ್ಟೆ ತಗೊಂಡು ಒರೆಸಿಬಿಡುತ್ತೇವೆ. ಅಕ್ರಿಲಿಕ್ ಎಮಲ್ಷನ್ ಹೊಡೆಸಿದ್ದೇವೆ, ಏನೂ ಆಗಲ್ಲ ಅನ್ನುವ ಧೈರ್ಯ. ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಡೇವಿಡ್ ಹಾಕ್ನಿ 1967ರಲ್ಲಿ ಬರೆದ ಈಜುಕೊಳದ ಚಿತ್ರವಿದೆ. ಅದೂ ಅಕ್ರಿಲಿಕ್ ಬಣ್ಣದ್ದೇ. ಆದರೆ ಇಂಥ ಚಿತ್ರಗಳಿಗೆ ಒದ್ದೆ ಹತ್ತಿ ಮುಟ್ಟಿಸಲು ಚಿತ್ರ ಸಂರಕ್ಷಕರು ದಶಕಗಳ ಕಾಲ ಹಿಂಜರಿದರು. ಗೋಡೆಯ ಬಣ್ಣ ಚೂರು ಹೋದರೆ ಇನ್ನೊಂದು ಕೋಟ್ ಹೊಡೆಸಬಹುದು. ಹಾಕ್ನಿಯ ನೀಲಿಗೆ ಅದು ಆಗುತ್ತಾ?

ಈ ಬಣ್ಣ ಮೊದಲು ಬಂದಿದ್ದೇ ಗೋಡೆಗಾಗಿ. ಜರ್ಮನಿಯ ಒಟ್ಟೊ ರೋಮ್ 1901ರಲ್ಲಿ ಅಕ್ರಿಲಿಕ್ ರಾಸಾಯನಿಕಗಳ ಮೇಲೆ ಪ್ರಬಂಧ ಬರೆದರು. 1907ರಲ್ಲಿ ಒಟ್ಟೊ ಹಾಸ್ ಜೊತೆ ಸೇರಿ ಕಂಪನಿ ಕಟ್ಟಿದರು. 1953ರಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ಮನೆಬಣ್ಣಕ್ಕೆಂದು ಅಕ್ರಿಲಿಕ್ ಎಮಲ್ಷನ್ ತಂದಿತು. ಎರಡೇ ವರ್ಷದಲ್ಲಿ ಸಿನ್ಸಿನಾಟಿಯ ಹೆನ್ರಿ ಲೆವಿಸನ್ ಅದರಿಂದ ಕಲಾವಿದರಿಗೆ ಲಿಕ್ವಿಟೆಕ್ಸ್ ಬಣ್ಣ ಮಾಡಿದರು. 1963ರಲ್ಲಿ ಇಂಗ್ಲೆಂಡಿನಲ್ಲಿ ರೌನಿ ಕಂಪನಿಯ ಕ್ರೈಲಾ ಬಣ್ಣ ಬಂತು. ಕಲಾವಿದರಿಗೆ ಹಬ್ಬ. ಎಣ್ಣೆಬಣ್ಣದ ಹಾಗೆ ದಿನಗಟ್ಟಲೆ ಕಾಯಬೇಕಿಲ್ಲ, ಬ್ರಷ್ ತೊಳೆಯಲು ನಲ್ಲಿ ನೀರು ಸಾಕು, ವರ್ಷ ಕಳೆದರೂ ಎಣ್ಣೆಬಣ್ಣದಷ್ಟು ಹಳದಿಯಾಗುವುದಿಲ್ಲ. ಇದು ಶಾಶ್ವತ ಬಣ್ಣ ಅಂತಲೇ ಎಲ್ಲರೂ ನಂಬಿದರು.

ತೊಂದರೆ ಇರುವುದು ಬಣ್ಣದ ಒಳಗೆ. ಎಮಲ್ಷನ್ ಅಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು. ಹಾಲಿನಲ್ಲಿ ಕೊಬ್ಬು ತೇಲುತ್ತಲ್ಲ, ಹಾಗೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಒಂದೇ ಪದರವಾಗುತ್ತವೆ. ಆದರೆ ಕಣಗಳನ್ನು ತೇಲಿಸಿಟ್ಟಿದ್ದ ಸಾಬೂನಿನಂಥ ವಸ್ತು, ಅಂದರೆ ಸರ್ಫ್ಯಾಕ್ಟೆಂಟ್, ಎಲ್ಲಿಗೂ ಹೋಗುವುದಿಲ್ಲ. ಬಣ್ಣ ನೀರಾಗಿರದೆ ದಪ್ಪಗಿರಲಿ ಅಂತ ಬೆರೆಸಿದ ವಸ್ತುವೂ ಅಲ್ಲೇ ಉಳಿಯುತ್ತದೆ. ಬರಬರುತ್ತಾ ಸರ್ಫ್ಯಾಕ್ಟೆಂಟ್ ಮೇಲಕ್ಕೆ ಬರುತ್ತದೆ. ಗಾಢ ಬಣ್ಣಗಳ ಮೇಲೆ ಅದು ಬೂದುಬಣ್ಣದ ಮಂಜಿನಂತೆ ಕಾಣುವುದೂ ಉಂಟು.

ಜೊತೆಗೆ ಈ ಪದರ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಸುಮಾರು 10 ಡಿಗ್ರಿಗಿಂತ ಕೆಳಗೆ ಹೋದರೆ ಪೆಡಸಾಗುತ್ತದೆ. ಮಾಮೂಲಿ ಕೋಣೆಯ ಬಿಸಿಯಲ್ಲಿ ಮೆತ್ತಗೇ ಇರುತ್ತದೆ. ಧೂಳು ಬಂದು ಕೂತರೆ ನಿಧಾನವಾಗಿ ಒಳಗೇ ಹೂತುಹೋಗುತ್ತದೆ.

ಎಣ್ಣೆಚಿತ್ರಕ್ಕೆ ವಾರ್ನಿಷ್ ಕಾವಲು ಇರುತ್ತದೆ. ಕೊಳೆ ಅದರ ಮೇಲೆ ಕೂರುತ್ತದೆ, ಹಳೆಯ ವಾರ್ನಿಷ್ ತೆಗೆದು ಹೊಸದು ಹಚ್ಚಬಹುದು. ಅಕ್ರಿಲಿಕ್ ಬಳಸಿದ ಬಹಳಷ್ಟು ಕಲಾವಿದರು ಬಣ್ಣ ಹೇಗಿದೆಯೋ ಹಾಗೇ ಕಾಣಲಿ ಅಂತ ವಾರ್ನಿಷ್ ಬಿಟ್ಟರು. ಹಚ್ಚಿದರೂ ತೆಗೆಯುವುದು ಕಷ್ಟ. ವಾರ್ನಿಷ್ ಕರಗಿಸುವ ಅಸಿಟೋನ್, ಆಲ್ಕೋಹಾಲ್ ಕೆಳಗಿನ ಬಣ್ಣವನ್ನೂ ಉಬ್ಬಿಸುತ್ತವೆ. ಹಾಗಾಗಿ ಬಣ್ಣವೇ ಎಲ್ಲ ಕೊಳೆಯನ್ನೂ ತನ್ನ ಮೈಮೇಲೆ ತಗೊಳ್ಳಬೇಕು.

ಉಳಿದದ್ದು ನೀರು. ನೀರು ಒಳಗಿಳಿದರೆ ಪದರ ಉಬ್ಬುತ್ತದೆ, ಸರ್ಫ್ಯಾಕ್ಟೆಂಟ್ ಹೊರಬರುತ್ತದೆ, ಕೆಲವೊಮ್ಮೆ ಹತ್ತಿಗೆ ಬಣ್ಣವೇ ಅಂಟಿಕೊಳ್ಳುತ್ತದೆ. ಇದರ ಬಗ್ಗೆ ಗಟ್ಟಿ ಸಂಶೋಧನೆ ಜಾಸ್ತಿಯಾಗಿದ್ದು ಈ ಶತಮಾನದಲ್ಲಿ. 2006ರಲ್ಲಿ ಟೇಟ್ ಮಾಡರ್ನ್‌ನಲ್ಲಿ ಆಧುನಿಕ ಬಣ್ಣಗಳ ಮೇಲೆ ದೊಡ್ಡ ಸಮಾವೇಶ ನಡೆಯಿತು. ಆಮೇಲೆ ಟೇಟ್‌ನ ಬ್ರಾನ್ವಿನ್ ಆರ್ಮ್ಸ್‌ಬಿ, ಅಮೆರಿಕದ ಗೆಟ್ಟಿ ಸಂಸ್ಥೆಯ ಟಾಮ್ ಲರ್ನರ್ ಮುಂತಾದವರು ಪದರಗಳನ್ನು ತೊಳೆದು, ಅಳೆದು, ಹಿಗ್ಗಿಸಿ ನೋಡಿದರು. ನನಗೆ ತುಂಬಾ ಅಚ್ಚರಿ ತಂದ ವಿಷಯ ಇಲ್ಲಿದೆ: ಶುದ್ಧ ಡಿಸ್ಟಿಲ್ಡ್ ನೀರು ಎಲ್ಲಕ್ಕಿಂತ ಸುರಕ್ಷಿತ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅದಕ್ಕಿಂತ ಚೂರು ಹುಳಿ ಗುಣದ, ಪಿಎಚ್ 5ರಿಂದ 6ರ ಸುಮಾರಿನ, ಸ್ವಲ್ಪ ಲವಣ ಕರಗಿದ ನೀರಿಗೆ ಬಣ್ಣ ಕಡಿಮೆ ಉಬ್ಬುತ್ತದೆ. ಬಣ್ಣವನ್ನು ಅಷ್ಟಾಗಿ ಉಬ್ಬಿಸದ ಪೆಟ್ರೋಲಿಯಂ ದ್ರಾವಕದಲ್ಲಿ ನೀರಿನ ಸೂಕ್ಷ್ಮ ಹನಿಗಳನ್ನು ಹಿಡಿದಿಡುವ ಮಿಶ್ರಣಗಳೂ ಬಂದವು. ಬಣ್ಣದ ಕಚ್ಚಾವಸ್ತು ಗೊತ್ತಿದ್ದ ಡೌ ಕಂಪನಿಯ ರಸಾಯನತಜ್ಞರು ಇದಕ್ಕೆ ಕೈಜೋಡಿಸಿದರು.

ಮೇಲಕ್ಕೆ ಬಂದ ಸರ್ಫ್ಯಾಕ್ಟೆಂಟ್ ತೆಗೆಯಬೇಕೋ ಬೇಡವೋ ಅನ್ನುವ ಚರ್ಚೆ ಇನ್ನೂ ಇದೆ. ಅದು ಕಲಾವಿದ ಇಟ್ಟ ಬಣ್ಣದ್ದೇ ಭಾಗ ಅನ್ನುವವರ ಮಾತು ನನಗೆ ಸರಿ ಅನ್ನಿಸುತ್ತದೆ. ಆದರೆ ಕೊಳೆ ಅದರಲ್ಲೇ ಸಿಕ್ಕಿಕೊಂಡಿದ್ದರೆ ಬೇರೆ ದಾರಿ ಇರುವುದಿಲ್ಲ. ಈಗಲೂ ಕೆಲಸ ಶುರುವಾಗುವುದು ಚಿತ್ರದ ಅಂಚಿನ ಅಕ್ಕಿಕಾಳಿನಷ್ಟು ಜಾಗದಲ್ಲಿ. ಹತ್ತಿಯ ಕಡ್ಡಿಯನ್ನು ಉಜ್ಜದೆ ಮೆಲ್ಲಗೆ ಉರುಳಿಸಿ, ಎತ್ತಿ ನೋಡುತ್ತಾರೆ. ತುದಿ ಕೊಳೆಯಿಂದ ಬೂದುಬಣ್ಣವಾಗಿದ್ದರೆ ಮುಂದುವರಿಯುತ್ತಾರೆ. ಚೂರು ಕೆಂಪೋ ನೀಲಿಯೋ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಬೆಂಗಳೂರಿನ ಚಿತ್ರಸಂತೆಯಿಂದ ಅಕ್ರಿಲಿಕ್ ಕ್ಯಾನ್ವಾಸ್ ತಂದಿದ್ದೀರಾ? ನಮ್ಮ ಬಿಸಿಲಿಗೆ ಆ ಬಣ್ಣ ವರ್ಷವಿಡೀ ಮೆತ್ತಗೇ ಇರುತ್ತದೆ. ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಕೊಟ್ಟಿದ್ದರೆ ಮನೆಗೆ ಬಂದ ದಿನವೇ ಬಿಚ್ಚಿ. ಹಾಗೇ ಬಿಟ್ಟರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಮೂಡಬಹುದು. ಅಡುಗೆಮನೆಯ ಹೊಗೆ ತಾಗದ ಗೋಡೆ ನೋಡಿ ತೂಗುಹಾಕಿ. ಧೂಳು ಕಂಡರೆ ಒಣಗಿದ ಮೆತ್ತನೆ ಬ್ರಷ್‌ನಿಂದ ಸುಮ್ನೆ ಸವರಿ. ಸ್ವಿಚ್ ಬೋರ್ಡ್ ಒರೆಸುವ ಬಟ್ಟೆ ಮಾತ್ರ ಮುಟ್ಟಿಸಬೇಡಿ.